ನೆಲ ಏರಿಸಿದ ಬೇಸಿಗೆ

ಸಾಗರದಲ್ಲಿ ನಾನು ಬಾಡಿಗೆಗಿರುವ ಓಣಿಯ ತುದಿಯಲ್ಲಿ ಯಾರೋ ಮನೆ ರಿಪೇರಿ ಹಚ್ಚಿಕೊಂಡಿದ್ದಾರೆ. ಹೊಸ ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿ ಬೆಳಿಗ್ಗೆ ಸಂಜೆ ನೀರು ಬಿಡುತ್ತಾರೆ. ನೆಂದ ಗೋಣಿ, ಹಸಿ ಸಿಮೆಂಟು, ಅದರ ಮೇಲೆ ಬಿದ್ದ ಬಿಸಿಲು ಸೇರಿದ ಆ ವಾಸನೆ ಮೂಗಿಗೆ ಬಂದರೆ ಸಾಕು, ನನ್ನ ಕೈ ತಾನಾಗಿಯೇ ಬ್ಯಾಗಿನಲ್ಲಿ ಅಳತೆಯ ಟೇಪು ಹುಡುಕುತ್ತದೆ. ಟೇಪು ಈಗ ಇರುವುದಿಲ್ಲ. ನಾನು ಗುಮಾಸ್ತೆಯಾಗಿರುವ ಸೊಸೈಟಿಯ ಬೀಗದ ಕೈ ಇರುತ್ತದೆ. ಮೊನ್ನೆ ಹಾಗೇ ನಿಂತು ನೋಡುತ್ತಿದ್ದಾಗ ಆ ಮನೆಯ ಯಜಮಾನರು ಹೊರಗೆ ಬಂದು, "ಎಂಥ ನೋಡ್ತಿದೀರಿ?" ಅಂದರು. "ಎಲ್ಲಾ ಕೋಣೆನೂ ಒಂದೇ ಮಟ್ಟಕ್ಕೆ ಬರ್ತದಾ ಅಂತ" ಅಂದೆ. ಅವರು ಒಂದು ಕ್ಷಣ ನನ್ನನ್ನೂ ಒಂದು ಕ್ಷಣ ತಮ್ಮ ನೆಲವನ್ನೂ ನೋಡಿ, ಮೇಸ್ತ್ರಿಯನ್ನು ಕೂಗಿದರು.

ಹೊಸನಗರದ ನಮ್ಮ ಮನೆಯನ್ನು ತಿದ್ದಿದ್ದು ಒಂದೇ ಬೇಸಿಗೆಯಲ್ಲಿ. ಸಂಕ್ರಾಂತಿ ಕಳೆದ ವಾರ ಶುರು, ಮೇ ಕೊನೆಗೆ ಮುಕ್ತಾಯ. ನಾನಾಗ ಬಿ.ಕಾಂ. ಮುಗಿಸಿ, ಕೆಲಸದ ಪರೀಕ್ಷೆಗಳಿಗೆ ಓದುತ್ತಾ ಮನೆಯಲ್ಲಿದ್ದೆ. ದಿನಚರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದ ಬಂದದ್ದು. ಯಾವ ದಿನ ಯಾರು ಕೆಲಸಕ್ಕೆ ಬಂದರು, ಯಾರು ಕೈಕೊಟ್ಟರು, ಎಷ್ಟು ಚೀಲ ಸಿಮೆಂಟು ಇಳಿಯಿತು, ಎಲ್ಲ ಬರೆದಿಟ್ಟಿದ್ದೇನೆ. ಆದರೆ ಆ ಬೇಸಿಗೆಯನ್ನು ನೆನೆಯಲು ಅದನ್ನು ತೆರೆಯಬೇಕಾಗಿಲ್ಲ. ಆಗ ನಮ್ಮೆಲ್ಲರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಅಕ್ಕ ಮನೆಗೆ ಬರುತ್ತಾಳೋ ಇಲ್ಲವೋ.

ನನ್ನ ಅಕ್ಕ ಗೀತಾ ನಮ್ಮೂರ ಹತ್ತಿರದ ಪ್ರಾಥಮಿಕ ಶಾಲೆಯ ಮೇಡಂ. ಹಿಂದಿನ ಮಳೆಗಾಲದ ಕೊನೆಯಲ್ಲಿ ಶಾಲೆಯಿಂದ ಬರುವಾಗ ಅವಳ ಸ್ಕೂಟರ್ ತಿರುವಿನಲ್ಲಿ ಜಾರಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಕರಾವಳಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ತಾನೇ ದಾಟುವುದನ್ನು ಕಲಿತು ಬಂದಳು. ಬಂದದ್ದು ಮನೆಗಲ್ಲ, ತೀರ್ಥಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ. ಅಲ್ಲಿ ಬಾಗಿಲಿಗೆ ಹೊಸ್ತಿಲಿರಲಿಲ್ಲ, ನೆಲ ರಸ್ತೆಯ ಮಟ್ಟಕ್ಕೇ ಇತ್ತು.

ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ನಾನು ತೀರ್ಥಹಳ್ಳಿಗೆ ಹೋಗುತ್ತಿದ್ದೆ. ಮೊದಲ ಭಾನುವಾರವೇ ಅವಳು ಮಾತನ್ನು ಸ್ಪಷ್ಟ ಮಾಡಿದಳು.

"ಆಸ್ಪತ್ರೇಲಿ ಎಷ್ಟು ಜನ ನನ್ನ ಎತ್ತಿದ್ರು ಗೊತ್ತಾ? ಆಯಾ ಎತ್ತಿದ್ಲು, ವಾರ್ಡ್ ಬಾಯ್ ಎತ್ತಿದ, ಪಕ್ಕದ ಮಂಚದ ಪೇಷಂಟಿನ ಗಂಡನೂ ಒಂದಿನ ಎತ್ತಿದ. ಎಲ್ಲರೂ ಒಳ್ಳೇವ್ರೇ. ಆದ್ರೆ ಸಾಕು. ಮನೇಲಿ ನನ್ನನ್ನ ಯಾರೂ ಎತ್ತಬಾರದು. ಅಪ್ಪನೂ ಎತ್ತಬಾರದು. ಹಂಗೆ ಮಾಡೋಕಾದ್ರೆ ಮಾಡಿ. ಆಗಲ್ಲ ಅಂದ್ರೆ ಹೇಳಿ, ಬೇಜಾರಿಲ್ಲ, ಇಲ್ಲಿಗೇ ವರ್ಗ ಕೇಳ್ತೀನಿ."

"ಶಾಲೆ ಶುರುವಾಗೋದ್ರೊಳಗೆ ಮಾಡ್ತೀವಿ" ಅಂದೆ.

"ಇಂಜಿನಿಯರಮ್ಮ ಹೇಳಿದ್ಮೇಲೆ ಆತು ಬಿಡು" ಅಂದಳು. ನಗುತ್ತಿದ್ದಳು, ಆದರೆ ವರ್ಗಾವಣೆಯ ಮಾತು ತಮಾಷೆಯಾಗಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಬಾತ್‌ರೂಮಿನ ಬಾಗಿಲು ಕಿರಿದು. ಕುರ್ಚಿ ಅರ್ಧ ಒಳಗೆ ಹೋಗಿ ಅರ್ಧ ಹೊರಗೆ ಉಳಿಯುತ್ತಿದ್ದುದರಿಂದ ಅಲ್ಲಿಗೊಂದು ಹಳೇ ಸೀರೆಯ ಪರದೆ ಕಟ್ಟಿದ್ದರು. ಅವಳು ಸ್ನಾನಕ್ಕೆ ಹೋದರೆ ಚಿಕ್ಕಪ್ಪ ಪೇಪರು ಹಿಡಿದು ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಆ ಒಳ್ಳೆಯತನವೇ ಅವಳಿಗೆ ಭಾರವಾಗಿತ್ತು. ತನ್ನದೇ ಒಂದು ಮನೆ ಹಿಡಿದು, ಒಬ್ಬಳೇ ಇದ್ದುಬಿಡುವ ಲೆಕ್ಕ ಅವಳದು ಎಂದು ಆಗಲೇ ನನಗೆ ಗೊತ್ತಾಗಿತ್ತು. ಒಮ್ಮೆ ಹಾಗೆ ನೆಲೆ ನಿಂತರೆ ಅವಳು ಹೊಸನಗರಕ್ಕೆ ಹಬ್ಬಕ್ಕೆ ಬರುವ ನೆಂಟಳಾಗುತ್ತಿದ್ದಳು.

ತಮಾಷೆಯೆಂದರೆ ಅವಳ ಶಾಲೆಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇತ್ತು. ಮತಗಟ್ಟೆಯಾಗುವ ಶಾಲೆಯೆಂದು ಯಾವಾಗಲೋ ಕಟ್ಟಿದ್ದರು. ಇಳಿಜಾರು ಇಲ್ಲದ್ದು ನಮ್ಮ ಮನೆಗೆ.

ನಮ್ಮ ಮನೆ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಅಪ್ಪ ಕಾರ್ಗಲ್ಲಿನಲ್ಲಿ ಲೈನ್‌ಮನ್ ಆಗಿದ್ದವರು. ಸರ್ವಿಸ್ ಪೂರ್ತಿ ಕ್ವಾರ್ಟರ್ಸಿನಲ್ಲಿ ಕಳೆದು, ನಿವೃತ್ತಿಗೆ ಸ್ವಲ್ಪ ಮುಂಚೆ ಇದನ್ನು ಕಟ್ಟಿಸಿದರು. ಸಾಧಾರಣ ತಾರಸಿ ಮನೆ. ವಿಶೇಷ ಇರುವುದು ಮುಂಬಾಗಿಲಿನಲ್ಲಿ. ಅದು ಅಜ್ಜನ ಬಾಗಿಲು. ಗೇಣಿ ಮಾಡುತ್ತಿದ್ದ ಗದ್ದೆ ತನ್ನ ಹೆಸರಿಗೆ ಆದ ವರ್ಷ ಅಜ್ಜ ತನ್ನ ಮಣ್ಣಿನ ಮನೆಗೆ ಹಲಸಿನ ಮರದ ಬಾಗಿಲು ಮಾಡಿಸಿದನಂತೆ. ಅಲ್ಲಿಯ ತನಕ ಆ ಮನೆಗೆ ಬಿದಿರ ತಟ್ಟಿಯೇ ಬಾಗಿಲು. ಹಿಸ್ಸೆಯಾಗಿ ಹಳೇ ಮನೆ ಕೆಡವಿದಾಗ ಅಪ್ಪ ಕೇಳಿಕೊಂಡದ್ದು ಆ ಬಾಗಿಲೊಂದನ್ನೇ. ಕುಳ್ಳಗಿನ ಚೌಕಟ್ಟು, ಕೆಳಗೆ ಗಟ್ಟಿ ದಪ್ಪ ಹೊಸ್ತಿಲು. ಅದಕ್ಕೆ ಹೊಂದಲಿ ಎಂದು ಒಳಗಿನ ಬಾಗಿಲುಗಳಿಗೂ ಅಷ್ಟೇ ಎತ್ತರದ ಹೊಸ್ತಿಲು ಇಡಿಸಿದರು. ಅಮ್ಮ ಶುಕ್ರವಾರ ಶುಕ್ರವಾರ ಮುಂಬಾಗಿಲ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎರಡು ಹೂ ಇಡುತ್ತಾಳೆ. ನಾವು ಮಕ್ಕಳು ಅದನ್ನು ದಾಟಿಯೇ ಬೆಳೆದವರು. ತುಳಿದರೆ ಬೆನ್ನಿಗೊಂದು ಬೀಳುತ್ತಿತ್ತು.

ಜನವರಿಯಲ್ಲಿ ಒಂದು ದಿನ ಕೂತು ನಾನು ಮನೆಯ ಹೊಸ್ತಿಲುಗಳನ್ನೆಲ್ಲ ಅಳೆದೆ. ಎಲ್ಲವೂ ಐದೈದು ಇಂಚು. ಹಾಲಿಗೊಂದು, ಹಾಲಿನಿಂದ ನಡುಮನೆಗೊಂದು, ನಡುಮನೆಯಿಂದ ಅಕ್ಕನ ಕೋಣೆಗೆ, ಅಡುಗೆಮನೆಗೆ, ಉಗ್ರಾಣಕ್ಕೆ ಒಂದೊಂದು. ಸಂಜೆ ಕಾಗದ ಹಿಡಿದು ಅಪ್ಪನ ಮುಂದೆ ಕೂತೆ. ಮೇಸ್ತ್ರಿ ಗಣಪಣ್ಣನೂ ಬಂದಿದ್ದ. ಮನೆ ಕಟ್ಟುವಾಗ ಗಾರೆ ಕೆಲಸ ಮಾಡಿದವನು ಅವನೇ.

"ಕಡಿದು ಹಾಕಿದ್ರಾತು" ಅಂದ ಗಣಪಣ್ಣ. "ಬಡಗಿ ಆಚಾರ್ರನ್ನ ಕರೆದ್ರೆ ಒಂದಿನದ ಕೆಲ್ಸ."

ಅಪ್ಪ ಎದ್ದು ಹೋಗಿ ಮುಂಬಾಗಿಲಲ್ಲಿ ನಿಂತು ಹೊರಗೆ ನೋಡತೊಡಗಿದರು. ಅಮ್ಮ ಒಳಗಿನಿಂದಲೇ, "ಹೊಸ್ತಿಲು ಕಡಿಯೋದಾ? ಬಿಡ್ತು ಅನ್ನಿ" ಅಂದಳು.

ಸ್ವಲ್ಪ ಹೊತ್ತಿಗೆ ಅಪ್ಪ ತಿರುಗಿ ಬಂದು ಕೇಳಿದರು: "ಅಲ್ಲ ಗಣಪಣ್ಣ, ಹೊಸ್ತಿಲು ತಗ್ಗಿಸೋ ಬದ್ಲು ನೆಲನೇ ಏರಿಸಿದ್ರೆ?"

ಎಲ್ಲರಿಗೂ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಆ ಐದು ಇಂಚಿನೊಳಗೇ ಜಲ್ಲಿ ಮಣ್ಣು ತುಂಬಿ ದಮ್ಮಸು ಮಾಡಿ, ಮೇಲೆ ಕಾಂಕ್ರೀಟು, ಅದರ ಮೇಲೆ ಜಾರದ ಟೈಲ್ಸು. ಹೊಸ್ತಿಲೂ ನೆಲವೂ ಒಂದೇ ಮಟ್ಟ. ಗಾಲಿ ಸಲೀಸು, ಹೊಸ್ತಿಲು ಕ್ಷೇಮ. ಅಮ್ಮನಿಗೆ ಉಳಿದದ್ದು ಒಂದೇ ಅನುಮಾನ: "ಗಾಲಿ ಹೊಸ್ತಿಲು ತುಳ್ದಂಗೆ ಆಗಲ್ವಾ?"

"ಗಾಲಿಗೆ ಪಾದ ಎಲ್ಲುಂಟು?" ಅಂದರು ಅಪ್ಪ. ಅಲ್ಲಿಗೆ ತೀರ್ಮಾನ ಆಯಿತು. ನಾನು ಅಂದೇ ಎಷ್ಟು ಮಣ್ಣು ಬೇಕು, ಎಷ್ಟು ಜಲ್ಲಿ ಬೇಕು ಎಂದು ಲೆಕ್ಕ ಹಾಕಿಬಿಟ್ಟೆ. ಲೆಕ್ಕ ಸರಿಯಾಗಿಯೇ ಇತ್ತು. ಕೆಲಸ ಮುಗಿದಾಗ ಉಳಿದದ್ದು ಎರಡು ಬುಟ್ಟಿ ಮಣ್ಣು.

ಮೊದಲ ಪೆಟ್ಟು ಬಿದ್ದದ್ದು ಹೊರಗೆ, ಇಳಿಜಾರಿನಲ್ಲಿ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಅದರ ಮೇಲೆ ಹೊಸ್ತಿಲ ಐದು ಇಂಚು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಮ್ಮ ಗೇಟು ಅಷ್ಟು ದೂರದಲ್ಲಿರಲಿಲ್ಲ. ಗಣಪಣ್ಣ ನಾನಿಲ್ಲದ ಭಾನುವಾರ ನೋಡಿ, ಮೆಟ್ಟಿಲ ಮೇಲೇ ನೇರವಾಗಿ ಒಂದು ಇಳಿಜಾರು ಹೊಯ್ದುಬಿಟ್ಟಿದ್ದ.

"ಇದು ಕಡಿದಾತು ಗಣಪಣ್ಣ" ಅಂದೆ.

"ಎಂಥ ಕಡಿದು? ಅಕ್ಕಿಮೂಟೆ ಗಾಡಿ ಹತ್ತಿಸ್ತೀವಿ ಇಂಥದ್ರಾಗೆ."

"ಅಕ್ಕಿಮೂಟೇನ ಯಾರೋ ತಳ್ತಾರೆ. ಅಕ್ಕ ತಾನೇ ಹತ್ತಬೇಕು."

"ಹತ್ತಬಹುದು ಮಾರಾಯ್ತಿ. ಮೇಡಮ್ಮನ ರಟ್ಟೆ ನೋಡಿಲ್ವಾ ನೀನು?"

ವಾದ ಮಾಡಿ ಪ್ರಯೋಜನವಿರಲಿಲ್ಲ. ಓಣಿಯಲ್ಲಿ ಕಾಲು ಮುರಿದುಕೊಂಡವರೊಬ್ಬರ ಮನೆಯಿಂದ ಗಾಲಿಕುರ್ಚಿ ಕೇಳಿ ತಂದು ಅವನ ಮುಂದೆ ನಿಲ್ಲಿಸಿದೆ. ಗಣಪಣ್ಣ ಲುಂಗಿ ಎತ್ತಿ ಕಟ್ಟಿ, ಮುಖದಲ್ಲಿ ನಗು ಇಟ್ಟುಕೊಂಡೇ ಕೂತ. ಕಾಲು ಊರಬಾರದೆಂದು ಕರಾರು. ಅರ್ಧ ಹತ್ತಿದ. ಅಲ್ಲಿಂದ ಮುಂದಕ್ಕೆ ಹೋಗಲೊಲ್ಲದು, ಕೈ ಬಿಟ್ಟರೆ ಹಿಂದಕ್ಕೆ. ಕತ್ತಿನ ನರ ಉಬ್ಬಿತು. "ಹಿಡೀರೋ! ಹಿಡೀರೋ!" ಎಂದು ಕೂಗುತ್ತಾ ಸೀದಾ ಹಿಂದಕ್ಕೆ ಉರುಳಿ ಬಂದು ಮರಳ ಗುಡ್ಡೆಗೆ ತಾಗಿ ನಿಂತ. ಅಪ್ಪ ಜಗಲಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕ ಬಿದ್ದ ಮೇಲೆ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು. ಗಣಪಣ್ಣ ಎದ್ದು, ಸುತ್ತಿಗೆ ತರಿಸಿ, ತಾನೇ ಹೊಯ್ದಿದ್ದನ್ನು ತಾನೇ ಒಡೆದ. ಆಮೇಲೆ ನಾನು ಬರೆದು ತೋರಿಸಿದಂತೆ ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ಹೋಗಿ, ಮೂಲೆಯಲ್ಲಿ ತಿರುಗಿ, ಜಗಲಿ ಹತ್ತಿ ಹೊಸ್ತಿಲ ಮಟ್ಟ ಮುಟ್ಟುವ ಇಳಿಜಾರಿಗೆ ದಾರ ಹಿಡಿದ.

ಫೆಬ್ರವರಿಯಲ್ಲಿ ಗಣಪಣ್ಣನ ಇಬ್ಬರು ಆಳುಗಳು ಅಡಿಕೆ ಸುಲಿಯುವ ಕಡೆ ಕೂಲಿ ಜಾಸ್ತಿ ಎಂದು ಹೋದವರು ಮೂರು ವಾರ ಬರಲಿಲ್ಲ. ಮರಳಿನ ಲಾರಿ ನಾಳೆ ನಾಳೆ ಎಂದು ಸತಾಯಿಸಿತು. ಆ ದಿನಗಳಲ್ಲಿ ಅಪ್ಪನೇ ಬುಟ್ಟಿ ಹಿಡಿದರು. ಕಂಬ ಹತ್ತಿ ಬದುಕಿದ ಮನುಷ್ಯ, ಬಗ್ಗುವ ಕೆಲಸ ಅಭ್ಯಾಸವಿಲ್ಲ. ಆದರೂ ಬೆಳಿಗ್ಗೆ ಕಾಫಿ ಕುಡಿದವರು ಬಿಸಿಲೇರುವ ತನಕ ಮಣ್ಣು ಹೊತ್ತು ಹಾಕುತ್ತಿದ್ದರು. ನಾನು ನೀರು ಹಾಕಿ ದಮ್ಮಸು ಹೊಡೆಯುತ್ತಿದ್ದೆ. ನಾವು ಒಂದು ಕೋಣೆಯಿಂದ ಇನ್ನೊಂದಕ್ಕೆ ಪಾತ್ರೆ, ಮಂಚ, ಗೋಡ್ರೆಜ್ ಬೀರು ಎಳೆದುಕೊಂಡು ಮನೆಯೊಳಗೇ ವಲಸೆ ಹೋಗುತ್ತಾ ಬದುಕಿದೆವು. ಮಾರ್ಚ್ ಕೊನೆಗೆ ಹಾಲು, ನಡುಮನೆ, ಅಕ್ಕನ ಕೋಣೆ, ಅಡುಗೆಮನೆ, ಉಗ್ರಾಣ ಎಲ್ಲವೂ ಏರಿ ಒಂದು ಮಟ್ಟಕ್ಕೆ ಬಂದವು. ಕದಗಳು ಹೊಸ ನೆಲಕ್ಕೆ ಉಜ್ಜದಂತೆ ಆಚಾರ್ರು ಬಂದು ಕೆಳಗಡೆ ತುಸು ಕೊಯ್ದು ಕೊಟ್ಟರು.

ನೆಲ ಏರಿತು, ಚೌಕಟ್ಟು ಏರಲಿಲ್ಲ. ಮೊದಲೇ ಕುಳ್ಳಗಿದ್ದ ಅಜ್ಜನ ಬಾಗಿಲು ಈಗ ಇನ್ನೂ ಕುಳ್ಳಗಾಯಿತು. ಟೈಲ್ಸ್ ಕೂರಿಸಿದ ಮೊದಲ ದಿನ ಅಪ್ಪ ಹಾಲಿನಿಂದ ಹೊರಗೆ ಹೊರಟವರು ಹಣೆ ಬಡಿಸಿಕೊಂಡು ಅಲ್ಲೇ ಕೂತರು. ಮಾರನೇ ದಿನ ಗಣಪಣ್ಣ. ಅದರ ಮಾರನೇ ದಿನ ಗ್ಯಾಸಿನವನು. "ನಿಮ್ಮ ಮನೆಗೆ ಬರೋರು ಹೆಲ್ಮೆಟ್ ಹಾಕ್ಕಂಡು ಬರ್ಬೇಕು" ಎಂದು ಪಕ್ಕದ ಮನೆಯವರು ಆಡಿಕೊಂಡರು. ಅಡುಗೆಮನೆಯ ಕಟ್ಟೆ ಅಮ್ಮನಿಗೆ ತಗ್ಗಾಯಿತು. ಬಗ್ಗಿ ರೊಟ್ಟಿ ತಟ್ಟಿದರೆ ಸೊಂಟ ಹಿಡಿಯುತ್ತಿತ್ತು. ಆದರೆ ಅದೇ ಕಟ್ಟೆ ಕುರ್ಚಿಯಲ್ಲಿ ಕೂತವಳ ಕೈಗೆ ಸರಿಯಾಗಿ ಸಿಗುತ್ತಿತ್ತು. ನಾವು ಎಣಿಸದೇ ಬಂದ ಲಾಭ ಅದು. ನನಗೆ ಬಹಳ ಖುಷಿಯಾಗಿ ಆ ಭಾನುವಾರ ಟೈಲ್ಸಿನ ಫೋಟೋಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಅಕ್ಕ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದಳು. ಇಳಿಜಾರಿನ ತಿರುವಿಗೆ "ಶಭಾಷ್" ಅಂದಳು. ಅಡುಗೆಕಟ್ಟೆಗೆ, "ಅಂದ್ರೆ ಇನ್ಮೇಲೆ ಅಮ್ಮ ನನ್ ಕೈಲೇ ಅಡಿಗೆ ಮಾಡಿಸ್ತಾಳೆ" ಅಂದಳು. ಅಪ್ಪನ ಹಣೆಯ ಬುಗುಟಿಗೆ ಚಿಕ್ಕಮ್ಮನೂ ಅವಳೂ ಸೇರಿ ನಕ್ಕರು. ಆಮೇಲೆ ಮೊಬೈಲು ನನ್ನ ಕೈಗೆ ಕೊಟ್ಟು, "ಬಚ್ಚಲು?" ಅಂದಳು.

ನಾನು ಫೋಟೋಗಳನ್ನು ಮತ್ತೆ ಮೊದಲಿನಿಂದ ಸರಿಸಿದೆ; ಬಚ್ಚಲಿನದು ಒಂದೂ ಇರಲಿಲ್ಲ.

ನಮ್ಮ ಕಡೆ ಬಚ್ಚಲನ್ನು ಯಾರೂ ಮನೆಯ ಕೋಣೆಯೆಂದು ಎಣಿಸುವುದಿಲ್ಲ. ಅದು ಹಿಂದೆ, ಮನೆಗೆ ಒತ್ತಿಕೊಂಡಂತೆ ಇಳಿಸಿದ ಮಾಡಿನ ಕೆಳಗೆ ಇರುತ್ತದೆ. ಒಂದು ಕಡೆ ಹಂಡೆ ಒಲೆ, ಒಂದು ಕಡೆ ನೀರಿನ ತೊಟ್ಟಿ, ಅದಕ್ಕೆ ತಾಗಿ ಪಾಯಿಖಾನೆ. ಅದಕ್ಕೆ ಹೊಸ್ತಿಲಿಲ್ಲ, ಪೂಜೆಯಿಲ್ಲ; ಅಡುಗೆಮನೆಯಿಂದ ಒಂದು ಮೆಟ್ಟಿಲು ಇಳಿದರೆ ಬಚ್ಚಲು, ಅಷ್ಟೇ. ನಾನು ಹೊಸ್ತಿಲುಗಳನ್ನು ಅಳೆಯಲು ಹೊರಟಿದ್ದೆ. ಬಚ್ಚಲಿಗೆ ಹೊಸ್ತಿಲಿಲ್ಲದ್ದರಿಂದ ಅದು ನನ್ನ ಕಾಗದಕ್ಕೆ ಬರಲೇ ಇಲ್ಲ. ಅಪ್ಪನಿಗೂ ಹೊಳೆಯಲಿಲ್ಲ, ಅದೇ ಮನೆ ಕಟ್ಟಿದ ಗಣಪಣ್ಣನಿಗೂ ಹೊಳೆಯಲಿಲ್ಲ. ಎಲ್ಲ ಕೋಣೆಗಳನ್ನೂ ಏರಿಸಿ ಬಚ್ಚಲನ್ನು ಇನ್ನೂ ಐದು ಇಂಚು ಆಳಕ್ಕೆ ತಳ್ಳಿದ್ದೆವು. ಒಂದಿದ್ದ ಮೆಟ್ಟಿಲು ಈಗ ಎರಡಾಗಿತ್ತು.

"ಅಂದ್ರೆ ನನ್ನ ನೋಡೋಕೆ ಬರೋ ನೆಂಟರಿಗೆ ಮನೆ ಆತು" ಅಂದಳು ಅಕ್ಕ, ಸಿಟ್ಟಿಲ್ಲದೆ. "ನನಗೆ ಆಗ್ಲಿಲ್ಲ."

ಸಂಜೆಯ ಬಸ್ಸಿನಲ್ಲಿ ಬರುವಾಗ ದಾರಿ ಪೂರ್ತಿ ನಾನು ಬಚ್ಚಲನ್ನು ಏರಿಸಿದೆ, ಇಳಿಸಿದೆ. ಯಾವುದೂ ಕೂಡಿಬರಲಿಲ್ಲ. ಅದರ ನೆಲ ಏರಿಸಿದರೆ ಮಾಡು ತಲೆಗೆ ತಾಗುತ್ತದೆ, ಹಂಡೆಯ ಬಾಯಿ ಮೊಣಕಾಲಿಗೆ ಬರುತ್ತದೆ. ಅಡುಗೆಮನೆಯಿಂದ ಅಲ್ಲಿಗೆ ಇಳಿಜಾರು ಮಾಡಿದರೆ ಬಚ್ಚಲು ಪೂರ್ತಿ ಇಳಿಜಾರೇ ಆಗುತ್ತದೆ. ವಿಷಯ ಕೇಳಿದ ಅಪ್ಪ ಹಿಂದೆ ಹೋಗಿ ಆ ಎರಡು ಮೆಟ್ಟಿಲುಗಳ ಮುಂದೆ ಬಹಳ ಹೊತ್ತು ನಿಂತರು. ಗಣಪಣ್ಣ ತಲೆ ಕೆರೆದುಕೊಂಡು, "ಏನಾರ ಮಾಡಾಣ" ಅಂದವನು ಯಾವುದೋ ಮದುವೆಮನೆಯ ಗಾರೆಗೆ ಹೋದ. ಒಂದು ವಾರ ಮನೆಯಲ್ಲಿ ಗುದ್ದಲಿಯ ಸದ್ದಿಲ್ಲ.

ಏಪ್ರಿಲ್ ಎರಡನೇ ವಾರ, ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ, ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಒಳಗೆ ಅಕ್ಕ ಕೂತಿದ್ದಳು. ಕುರ್ಚಿಯನ್ನು ಮಡಚಿ ಹಿಂದೆ ಇಟ್ಟಿತ್ತು. ತಾಲ್ಲೂಕು ಶಿಕ್ಷಣ ಕಚೇರಿಯಲ್ಲಿ ಕೆಲಸವಿತ್ತು, ಮುಗಿಸಿಕೊಂಡು ಬಂದೆ ಅಂದಳು. ಪೆಟ್ಟಾದ ಮೇಲೆ ಅವಳು ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಓಡಿ ಹೋದಳು.

"ಇಳಿಯೇ, ಒಳಗೆ ಬಾ. ಇಳಿಜಾರು ಆಗಿದೆಯಲ್ಲ, ನೆಲನೂ ಆಗಿದೆ. ಒಂದು ಲೋಟ ಕಾಫಿ ಕುಡ್ಕಂಡು ಹೋಗು."

"ಬೇಡಮ್ಮ. ಕಾಫಿ ಕುಡಿದ್ರೆ ಬಚ್ಚಲು ಬೇಕಾಗ್ತದೆ."

ಅಪ್ಪ ಗೇಟಿನ ತನಕ ಬಂದು ಅಲ್ಲೇ ನಿಂತರು. ಅಕ್ಕ ಆಟೋದೊಳಗಿಂದಲೇ ಮನೆಯನ್ನು ನೋಡಿದಳು. ಹೊಸ ಇಳಿಜಾರು, ಬಣ್ಣ ಕಾಣದ ಗೋಡೆ, ಅಜ್ಜನ ಬಾಗಿಲು.

"ಚೆನ್ನಾಗಾಗಿದೆ ಅಪ್ಪ" ಅಂದಳು. "ನಿಜಕ್ಕೂ. ಆದ್ರೆ ವರ್ಗಾವಣೆಗೆ ಹಾಕೋದಿದ್ರೆ ಈ ವಾರದೊಳಗೆ ಹಾಕ್ಬೇಕಂತೆ. ಅದ್ಕೆ ಕೇಳ್ಕಂಡು ಹೋಗಾಣ ಅಂತ ಬಂದೆ. ಆಗ್ತದಾ, ಆಗಲ್ವಾ? ಆಗಲ್ಲ ಅಂದ್ರೂ ಹೇಳಿ."

ಅಪ್ಪ ಗೇಟಿನ ಸರಳು ಹಿಡಿದಿದ್ದರು. "ಹೊಸ್ತಿಲು ಕಡಿಸ್ತೀನಿ" ಅಂದರು. "ನಾಳೆನೇ ಆಚಾರ್ರನ್ನ ಕರೆಸ್ತೀನಿ. ನೆಲ ಮೊದಲಿನ ಹಂಗೇ ಮಾಡಿ, ಹೊಸ್ತಿಲು ಪೂರಾ ತೆಗೆಸ್ತೀನಿ. ಬೇಕಾದ್ರೆ ಬಾಗಿಲೇ ಕೀಳಿಸ್ತೀನಿ."

ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಮಗೆಲ್ಲ ಗೊತ್ತಿತ್ತು. ಆದರೆ ಅದರಿಂದ ಈಗ ಆಗುವಂಥದ್ದೇನೂ ಇರಲಿಲ್ಲ. ಐದು ಕೋಣೆಯ ನೆಲ ಒಡೆದು, ಮಣ್ಣು ತೆಗೆದು, ಮತ್ತೆ ಹಾಕುವಷ್ಟರಲ್ಲಿ ಮಳೆ ಹಿಡಿಯುತ್ತಿತ್ತು. ಅಷ್ಟು ಮಾಡಿದರೂ ಬಚ್ಚಲಿಗೆ ಒಂದು ಮೆಟ್ಟಿಲು ಉಳಿದೇ ಉಳಿಯುತ್ತಿತ್ತು.

ನನ್ನ ಹತ್ತಿರ ಒಂದು ದಾರಿ ಇತ್ತು. ಹಿಂದಿನ ವಾರವೇ ಅಳೆದು, ಚಿತ್ರ ಬರೆದು ಇಟ್ಟುಕೊಂಡಿದ್ದೆ. ಹೇಳುವ ಧೈರ್ಯ ಬಂದಿರಲಿಲ್ಲ. ಈಗ ಹೇಳಿದೆ. "ಉಗ್ರಾಣ ಇದೆಯಲ್ಲ. ಅಕ್ಕನ ಕೋಣೆ ಎದುರಿಗೇ ಇದೆ, ನೆಲ ಒಂದೇ ಮಟ್ಟ. ಹೊರಗಿನ ಗೋಡೆ ಆಚೆಗೇ ಪಾಯಿಖಾನೆ ಗುಂಡಿ ಇರೋದು, ಪೈಪ್ ಎಳೆಯೋದು ಸುಲಭ. ಬಾಗಿಲು ಅಗಲ ಮಾಡಿದ್ರೆ ಕುರ್ಚಿ ಒಳಗೆ ಹೋಗಿ ತಿರುಗ್ತದೆ. ಅದನ್ನೇ ಬಚ್ಚಲು ಮಾಡಬಹುದು."

"ಸರಿ, ಮತ್ತೆಂಥಕ್ಕೆ ಸುಮ್ನಿದ್ದೆ?" ಅಂದಳು ಅಕ್ಕ.

"ಅದರ ಗೋಡೆ..." ಎಂದು ಅಮ್ಮನ ಮುಖ ನೋಡಿದೆ.

ಅಕ್ಕನಿಗೆ ಅರ್ಥವಾಯಿತು. ಉಗ್ರಾಣಕ್ಕೂ ನಡುಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಈ ಕಡೆ ದೇವರ ಗೂಡು. ಮನೆ ಒಕ್ಕಲಾದ ದಿನ ಕೂರಿಸಿದ ದೇವರು, ಅಜ್ಜನ ಮನೆಯಿಂದ ಬಂದ ಸಣ್ಣ ಹಿತ್ತಾಳೆಯ ಮೂರ್ತಿ, ಅಮ್ಮನ ದೀಪ. ದೇವರ ಬೆನ್ನಿಗೆ ಬಚ್ಚಲು ಕಟ್ಟಿದರೆಂದು ಯಾರ ಬಾಯಲ್ಲೂ ಕೇಳಿದವರಿಲ್ಲ. ಹೊಸ್ತಿಲು ಉಳಿಸಲು ಹೊರಟವರು ದೇವರನ್ನೇ ಎಬ್ಬಿಸುವಲ್ಲಿಗೆ ಬಂದು ನಿಂತಿದ್ದೆವು.

ಅಪ್ಪ, "ಬೇರೆ ಎಂಥಾದ್ರೂ ನೋಡಾಣ" ಅಂದರು.

ಅಮ್ಮ ಆಟೋದ ಹತ್ತಿರ ಹೋದಳು. ಅಕ್ಕನ ಮಡಿಲಲ್ಲಿ ಜಾರಿದ್ದ ದುಪಟ್ಟಾ ಸರಿ ಮಾಡಿದಳು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದಳು:

"ದೇವ್ರನ್ನ ಈಚೆ ಹಾಲಿಗೆ ತಂದಿಡಾಣ. ಅವನನ್ನ ಎತ್ತಬಹುದು. ಅವನೇನೂ ಬೇಡ ಅನ್ನಲ್ಲ."

ಆಟೋದವನು ಕನ್ನಡಿಯಲ್ಲಿ ಅಮ್ಮನನ್ನು ನೋಡಿ, ಕೈ ಸನ್ನೆಯಲ್ಲೇ ನಮಸ್ಕಾರದಂಥದ್ದೇನೋ ಮಾಡಿದ. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡು, "ಹಂಗಾದ್ರೆ ನಾನು ಹೊರಡ್ತೀನಿ. ವರ್ಗಾವಣೆಗೆ ಹಾಕಲ್ಲ" ಅಂದಳು. ಆಟೋ ಹೋದ ಮೇಲೆ ಅಪ್ಪ ಗೇಟು ಹಾಕುವುದನ್ನೇ ಮರೆತು ಒಳಗೆ ಬರಲು ಹೋಗಿ ಮತ್ತೊಮ್ಮೆ ಹಣೆ ಬಡಿಸಿಕೊಂಡರು.

ಅಲ್ಲಿಂದ ಮುಂದೆ ಕೆಲಸ ಓಡಿತು. ಗಣಪಣ್ಣನನ್ನು ಮದುವೆಮನೆಯಿಂದಲೇ ಎಬ್ಬಿಸಿಕೊಂಡು ಬಂದೆ. ಒಂದು ಒಳ್ಳೆಯ ದಿನ ನೋಡಿ ಅಮ್ಮ ತಲೆಗೆ ಸ್ನಾನ ಮಾಡಿ, ದೇವರನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ನಡುಮನೆಯಿಂದ ಹಾಲಿಗೆ ತಂದಳು. ಪೂರ್ವದ ಗೋಡೆಗೆ ಆಚಾರ್ರು ಸಣ್ಣದೊಂದು ಮಂಟಪ ಮಾಡಿ ಕೂರಿಸಿಕೊಟ್ಟರು. "ಇಲ್ಲಿ ಬೆಳಕು ಚೆನ್ನಾಗಿದೆ ಅಲ್ವಾ?" ಎಂದು ಅಮ್ಮ ದೇವರನ್ನು ಕೇಳಿದಳೋ ನನ್ನನ್ನು ಕೇಳಿದಳೋ ತಿಳಿಯಲಿಲ್ಲ, "ಹೌದಮ್ಮ" ಅಂದೆ. ಅಕ್ಕಿ ಡ್ರಮ್ಮು, ಉಪ್ಪಿನಕಾಯಿ ಭರಣಿ, ಹಳೇ ಟ್ರಂಕುಗಳು ಹಿಂದಿನ ಹಳೇ ಬಚ್ಚಲಿಗೆ ಹೋದವು. ಹಂಡೆ ಅಲ್ಲೇ ಉಳಿಯಿತು. ಅಪ್ಪ ಇವತ್ತಿಗೂ ಅಲ್ಲೇ ಸ್ನಾನ ಮಾಡುತ್ತಾರೆ.

ಉಗ್ರಾಣದ ಗೋಡೆ ಒಡೆದು ಬಾಗಿಲನ್ನು ಮೂರಡಿ ಅಗಲ ಮಾಡಿದೆವು. ಈ ಸಲ ಗಣಪಣ್ಣ ಒಂದೊಂದಕ್ಕೂ ಮೊದಲು ನನ್ನನ್ನು ಕರೆಯುತ್ತಿದ್ದ. "ಸುಮಕ್ಕಾ, ನಲ್ಲಿ ಎಲ್ಲಿ? ಸುಮಕ್ಕಾ, ಹಿಡಿಕೆ ಎಷ್ಟೆತ್ತರ?" ನಾನು ಓಣಿಯವರ ಅದೇ ಗಾಲಿಕುರ್ಚಿಯಲ್ಲಿ ಕೂತು ಕೈ ಚಾಚಿ ತೋರಿಸಿದಲ್ಲಿ ಅವನು ಸುಣ್ಣದ ಗುರುತು ಹಾಕುತ್ತಿದ್ದ. ಒಂದೆರಡು ತಪ್ಪು ಆಗದೇ ಇರಲಿಲ್ಲ. ನೆಲದ ಓಟ ಮೊದಲು ಬಾಗಿಲ ಕಡೆಗೇ ಆಗಿ, ನೀರು ಸುರಿದು ನೋಡಿದಾಗ ನಡುಮನೆಗೆ ಹರಿದು ಬಂತು. ಗಣಪಣ್ಣ ಹಣೆ ಚಚ್ಚಿಕೊಂಡು ಟೈಲ್ಸು ಕಿತ್ತು ಮತ್ತೆ ಕೂರಿಸಿದ. ಮೇ ಮೂರನೇ ವಾರ ಗುಡುಗು ಶುರುವಾದಾಗ ಒಳಗಿನ ಬಣ್ಣ ಒಣಗಿತ್ತು. ಹೊರಗಿನ ಬಣ್ಣ ಹಾಗೇ ಉಳಿಯಿತು. ಅದು ಈಗಲೂ ಆಗಿಲ್ಲ.

ಶಾಲೆ ಶುರುವಾಗುವ ಹಿಂದಿನ ಭಾನುವಾರ ಅಕ್ಕ ಬಂದಳು. ಚಿಕ್ಕಮ್ಮ, ಚಿಕ್ಕಪ್ಪ ಜೊತೆಗಿದ್ದರು. ಓಣಿಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಗೇಟಿಗೆ ಬಂದು ನಿಂತರು. ಆಟೋ ಸೀಟಿನಿಂದ ಕುರ್ಚಿಗೆ ಹಲಗೆ ಇಟ್ಟುಕೊಂಡು ಅವಳು ತಾನೇ ಜಾರಿ ಕೂತಳು. ಇಳಿಜಾರನ್ನು ಒಂದು ದಮ್ಮಿಗೆ ತಿರುವಿನ ತನಕ ಏರಿ, ಅಲ್ಲಿ ನಿಂತು ಉಸಿರು ಬಿಟ್ಟಳು. ಪಕ್ಕದಲ್ಲೇ ನಡೆಯುತ್ತಿದ್ದ ಅಪ್ಪನ ಕೈ ಎರಡು ಸಲ ಮುಂದೆ ಬಂದು ಎರಡು ಸಲವೂ ಹಿಂದಕ್ಕೆ ಹೋಯಿತು. "ಅಪ್ಪ, ಕೈ ಕಟ್ಕಳಿ" ಅಂದಳು. ಅಪ್ಪ ನಿಜಕ್ಕೂ ಕೈ ಕಟ್ಟಿಕೊಂಡರು.

ಅಮ್ಮ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಆರತಿ ಆದ ಮೇಲೆ ಅ‌ಕ್ಕ ಹೊಸ್ತಿಲ ಅರಿಶಿನ ಕುಂಕುಮ ನೋಡಿ ಒಂದು ಗಳಿಗೆ ತಡೆದಳು. ಬಗ್ಗಿ ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಹಿಂದೆಯೇ ನಾವೆಲ್ಲ ತಲೆ ಬಗ್ಗಿಸಿಕೊಂಡು ಬಂದೆವು. ಚಿಕ್ಕಪ್ಪನಿಗೆ ಹೇಳುವುದು ಮರೆತಿತ್ತು, ಅವರಿಗೂ ಬಿತ್ತು. ಆ ಬಾಗಿಲಲ್ಲಿ ತಲೆಯೆತ್ತಿಕೊಂಡೇ ಬರುವವಳು ಈಗ ಅಕ್ಕ ಒಬ್ಬಳೇ.

ಅವಳು ಹಾಲಿನಲ್ಲಿ ಒಂದು ಸುತ್ತು ಹಾಕಿದಳು. ದೇವರ ಮಂಟಪ ನೋಡಿದಳು. ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಕೈ ಆಡಿಸಿದಳು. ಅಮ್ಮ ಕಾಫಿ ಕೊಟ್ಟಳು, ಕುಡಿದಳು. ಇನ್ನೊಂದು ಲೋಟ ಕೇಳಿದಳು, ಅದನ್ನೂ ಕುಡಿದಳು. ನಾವೆಲ್ಲ ಮಾತಾಡುತ್ತಿದ್ದೆವು, ಯಾರ ಲಕ್ಷ್ಯವೂ ಮಾತಿನ ಮೇಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಕುರ್ಚಿ ತಿರುಗಿಸಿ ನಡುಮನೆ ದಾಟಿ ಹೊಸ ಬಚ್ಚಲಿನೊಳಗೆ ಹೋದಳು. ಒಳಗೆ ಕುರ್ಚಿ ಪೂರ್ತಿ ತಿರುಗಿದ ಸದ್ದು ಬಂತು. ಕದ ಮುಚ್ಚಿಕೊಂಡಿತು. ಚಿಲಕ ಬಿತ್ತು.

ಎಂಟು ತಿಂಗಳಲ್ಲಿ ಅವಳು ಒಳಗಿನಿಂದ ಹಾಕಿಕೊಂಡ ಮೊದಲ ಚಿಲಕ ಅದು.

ಅಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು. ಒಳಗೆ ನಲ್ಲಿ ತಿರುಗಿತು, ನೀರು ಬಕೆಟ್ಟಿಗೆ ಬೀಳತೊಡಗಿತು. ತುಂಬಿತು. ಮತ್ತೊಂದು ತುಂಬಿತು. ಅಮ್ಮ ನಮ್ಮನ್ನೊಮ್ಮೆ ನೋಡಿ, ಕದಕ್ಕೆ ಬಾಯಿ ಹಚ್ಚಿ, ಮೆಲ್ಲಗೆ ಕೇಳಿದಳು: "ಗೀತಾ, ಏನಾರ ಬೇಕೇನೇ?"

ನೀರಿನ ಸದ್ದು ನಿಂತಿತು.

"ಏನೂ ಬೇಡಮ್ಮ" ಎಂದಿತು ಒಳಗಿನ ದನಿ. "ಕದದ ಹತ್ರ ಯಾರೂ ಕಾಯ್ಬೇಡಿ, ನೀವೆಲ್ಲ ಅಂಗಳಕ್ಕೆ ಹೋಗಿ."

ನಾವು ಹೋದೆವು.